ಪಟ್ಟಿಯ ಏಳನೆಯ ಹೆಸರು

ಅಮ್ಮ ಅಂಗಳದ ಮೂಲೆಯಲ್ಲಿ ಜೋಳದ ಹಿಟ್ಟಿನ ಕಿಸ್ರಾ ದೋಸೆ ಹುಯ್ಯುತ್ತಿದ್ದಳು. ಅವಳ ಮೊಬೈಲು ನೀರಿನ ಹೂಜಿಯ ಮುಚ್ಚಳದ ಮೇಲೆ ಬಡಿದುಕೊಳ್ಳುತ್ತಿತ್ತು. ನಾನು ಎತ್ತಿಕೊಂಡೆ. ಬರ್ಮಿಂಗ್‌ಹ್ಯಾಮಿನಿಂದ ತಾಜ್ ಮಾವ, ಅಮ್ಮನ ಅಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಜೈಲಿನಿಂದ ಹೊರಬಂದವನು ನೇರ ಅಲ್ಲಿಗೆ ಹೋಗಿದ್ದ.

"ತಂಗೀ, ದೇವರು ನಿನಗೆ ತಾಳ್ಮೆ ಕೊಡಲಿ," ಎಂದ. ಅಳುತ್ತಿದ್ದ.

"ಮಾವ, ಅಮ್ಮ ಒಲೆ ಮುಂದೆ ಇದಾಳೆ. ಏನಾಯ್ತು?"

"ಯಾರಪ್ಪ ನೀನು?"

"ಮುಜಮ್ಮಿಲ್."

ಮಾವನ ಅಳು ಥಟ್ಟನೆ ನಿಂತಿತು.

"ನೋಡಪ್ಪ, ಸಾವಿನ ಮನೇಲಿ ತಮಾಷೆ ಮಾಡಬಾರದು. ಯಾರ ಮಗ ನೀನು?"

"ಬಕ್ರಿ ಸಿದ್ದಿಗ್ ಮಗ. ನಿಮ್ಮ ತಂಗಿ ಮಗ. ನನಗೆ ಹತ್ತು ವರ್ಷ ಆಗಿದ್ದಾಗ ಬೂಟು ಕಳಿಸಿದ್ರಲ್ಲ ಮಾವ, ಎರಡೂ ಎಡಗಾಲಿಂದು."

ಮಾವ ಮತ್ತೆ ಅಳತೊಡಗಿದ. ಈ ಸಲದ ಅಳು ಬೇರೆ ಥರ ಇತ್ತು. ಆಮೇಲೆ ಮೂಗು ಸೇದಿಕೊಂಡು, "ನಿನ್ನ ಸಾವಿಗೆ ಅಂತ ಮೂರು ದಿನ ಕುರ್ಚಿ ಹಾಕಿಸಿ ಜನ ಕೂರಿಸಿದ್ನಲ್ಲೋ," ಎಂದ. ದನಿಯಲ್ಲಿ ಸಂತೋಷದ ಜೊತೆ ಸ್ವಲ್ಪ ದೂರೂ ಇತ್ತು.

ಈದ್‌ಗೆ ಮುಂಚಿನ ಬೆಳಿಗ್ಗೆ ಆಳ್ವಿಕೆ ಜನರಿಗೆ ಬಿಡಿ ಎಂದು ಸೇನಾ ಕಚೇರಿಯ ಎದುರು ನಾವು ಕೂತಿದ್ದ ಧರಣಿಯನ್ನು ಸೈನಿಕರು ಗುಂಡು ಹೊಡೆದು ಎಬ್ಬಿಸಿ ಅಂದಿಗೆ ಹನ್ನೊಂದು ದಿನ. ಇಂಟರ್ನೆಟ್ ಕಡಿದಿದ್ದರು. ಸತ್ತವರ ಹೆಸರುಗಳನ್ನು ನಮ್ಮ ಬುರ್ರಿ ಬಡಾವಣೆಯ ಧರಣಿ ಸಮಿತಿಯ ಹಾತಿಮ್ ಫೋನಿನಲ್ಲಿ ಕೈರೋದ ಗೆಳೆಯನಿಗೆ ಓದಿದ್ದ. ಕೈರೋದವನು ಬರ್ಮಿಂಗ್‌ಹ್ಯಾಮಿಗೆ ಓದಿದ್ದ. ಬುರ್ರಿ ಕಡೆ ಬಿದ್ದವರ ಹನ್ನೊಂದು ಹೆಸರು. ಹತ್ತು ಹೆಸರು ಸರಿಯಾಗಿಯೇ ಹೋಗಿದ್ದವು: ಸ್ವಂತ ಹೆಸರು, ಅಪ್ಪನದು, ತಾತನದು, ಮುತ್ತಾತನದು. ಏಳನೆಯದು ಮಾತ್ರ ಎರಡೇ ತುಂಡು. ಮುಜಮ್ಮಿಲ್ ಬಕ್ರಿ, ಬುರ್ರಿ ಅಡ್ಡಗಟ್ಟೆ.

"ಎರಡೇ ಹೆಸರಲ್ಲಿ ಮನುಷ್ಯನ್ನ ಮಣ್ಣು ಮಾಡೋದಾ?" ಎಂದ ಮಾವ. "ನಾಯಿಗೂ ಅದಕ್ಕಿಂತ ಉದ್ದ ಇರುತ್ತೆ. ಬುರ್ರೀಲಿ ಬಕ್ರಿ ಮಗ ಮುಜಮ್ಮಿಲ್ ಅಂದ್ರೆ ಇನ್ಯಾರಿದಾರೆ? ಸಿದ್ದಿಗ್ ಖಲೀಲ್ ಅಂತ ನಾನೇ ಸೇರಿಸಿದೆ."

"ಒಂದು ಫೋನ್ ಮಾಡಿ ಕೇಳಬಾರದಿತ್ತಾ ಮಾವ?"

"ಫೋನು ಕದ್ದು ಕೇಳ್ತಾರೆ. ನಿಮ್ಮನೆಗೆ ತೊಂದರೆ ಆಗಬಾರದು ಅಂತ ಹಲ್ಲು ಕಚ್ಕೊಂಡು ಸುಮ್ನಿದ್ದೆ. ಇವತ್ತು ತಡೀಲಿಲ್ಲ."

ಆಮೇಲೆ ಉಳಿದದ್ದನ್ನು ಹೇಳಿದ. ಆ ಪಟ್ಟಿ ಅಲ್ಲಿನ ಪತ್ರಿಕೆಗಳಿಗೆ ಹೋಗಿತ್ತು. ಯಾವುದೋ ಸಭೆಯಲ್ಲಿ ಒಬ್ಬ ಹೆಂಗಸು ಹನ್ನೊಂದೂ ಹೆಸರನ್ನು ಎದ್ದುನಿಂತು ಓದಿದ್ದಳು. ನಮ್ಮ ರಾಯಭಾರ ಕಚೇರಿಯ ಮುಂದೆ ಹುಡುಗರು ನನ್ನ ಫೋಟೊವನ್ನು ಕೋಲಿಗೆ ಕಟ್ಟಿ ಹಿಡಿದಿದ್ದರು. ಅಕ್ಕನ ಮದುವೆಯ ಫೋಟೊ, ಪಕ್ಕದವರನ್ನು ಕತ್ತರಿಸಿ ತೆಗೆದದ್ದು.

"ಈಗ ತಿದ್ದಿಬಿಡಿ ಮಾವ."

"ತಿದ್ದೋಣ," ಎಂದ. "ಮೊದಲು ನಿಮ್ಮ ಸಮಿತಿಯ ಇಥಾರ್‌ನ ಒಂದು ಮಾತು ಕೇಳು."

ಏಳನೆಯವನು ಯಾರು ಎಂದು ನನಗೆ ಗೊತ್ತಿತ್ತು. ಪಟ್ಟಿ ಓದಿದ ಹಾತಿಮ್‌ನನ್ನು ಮರುದಿನವೇ ಸೈನಿಕರು ಎತ್ತಿಕೊಂಡು ಹೋಗಿದ್ದರು, ಅವನನ್ನು ಕೇಳುವಂತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಒಂದೇ ಹೆಸರಿನವರು ಸಿಕ್ಕರೆ ನಾವು ಹೆಸರು ಹಿಡಿದು ಕರೆಯುವುದಿಲ್ಲ, 'ಸಮಿ' ಎನ್ನುತ್ತೇವೆ, ನನ್ನ ಹೆಸರಿನವನೇ ಎಂದು. ಅಪ್ಪನ ಹೆಸರೂ ಒಂದೇ ಆದರೆ ಅರ್ಧ ನೆಂಟಸ್ತನ. ನನ್ನ ಸಮಿ ಪಶ್ಚಿಮದ ಉಮ್ ರುವಾಬಾ ಊರಿನವನು, ಇಲ್ಲಿ ನದಿ ದಂಡೆಯ ಇಟ್ಟಿಗೆ ಗೂಡಿನಲ್ಲಿ ಕೆಲಸ. ಧರಣಿಯ ಎರಡನೆಯ ದಿನ ಬಂದವನು ಗೂಡಿಗೆ ವಾಪಸು ಹೋಗಲೇ ಇಲ್ಲ. ನಾವಿಬ್ಬರೂ ಐವತ್ತು ಚಿಲ್ಲರೆ ದಿನ ಒಂದೇ ಗುಡಾರದಲ್ಲಿ ಮಲಗಿದೆವು, ಒಂದೇ ತಟ್ಟೆಯ ಫೂಲ್ ಕಾಳುಗೊಜ್ಜಿಗೆ ರೊಟ್ಟಿ ಅದ್ದಿಕೊಂಡು ತಿಂದೆವು. ಬುರ್ರಿ ಕಡೆಯ ಅಡ್ಡಗಟ್ಟೆಯಲ್ಲಿ ಆಯುಧ ಒಳಗೆ ಹೋಗದಂತೆ ಒಳಬರುವವರ ಮೈ ತಡಕುವುದು ನಮ್ಮ ಪಾಳಿ. "ಕೈ ಎತ್ತಪ್ಪ, ಕಚಗುಳಿ ಆದ್ರೆ ಮಾಫಿ ಮಾಡಪ್ಪ" ಎಂದು ಅವನು ರಾಗವಾಗಿ ಹೇಳುತ್ತಿದ್ದ, ಪ್ರತಿಯೊಬ್ಬರಿಗೂ. ಚಾಕು, ಕತ್ತರಿ, ಉಗುರು ತೆಗೆಯುವುದು, ಏನು ಸಿಕ್ಕರೂ ಒಂದು ನೀಲಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಹೊರಗೆ ಹೋಗುವಾಗ ಅವರವರದು ಅವರವರಿಗೆ. ಯಾರದು ಯಾವುದು ಎಂದು ಒಂದು ಸಲವೂ ತಪ್ಪಿದ್ದಿಲ್ಲ.

ಆ ಬೆಳಿಗ್ಗೆ ಗುಂಡು ಶುರುವಾದಾಗ ಇಬ್ಬರೂ ಓಡಿದೆವು. ಅರ್ಧ ದಾರಿಯಲ್ಲಿ ಅವನು ನಿಂತ. "ಸಮಿ, ಡಬ್ಬಿ ಬಿಟ್ಟೆ. ಮಂದಿ ಸಾಮಾನು," ಎಂದು ಹಿಂದೆ ತಿರುಗಿದ. ನಾನೂ ತಿರುಗಿ ನೋಡಿದೆ. ಅವನು ಬಗ್ಗಿ ಡಬ್ಬಿ ಎತ್ತಿಕೊಂಡ, ನೆಟ್ಟಗಾದ, ಬಿದ್ದ. ಎದ್ದನೋ ಇಲ್ಲವೋ ಎಂದು ಕಾಯಲಿಲ್ಲ. ಓಡಿ ಮನೆ ಸೇರಿದೆ.

ನಾಲ್ಕನೆಯ ದಿನ ಸರ್ಕಾರಿ ಟಿವಿಯಲ್ಲಿ ಆ ಡಬ್ಬಿಯನ್ನು ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಚಾಕು, ಕತ್ತರಿ ಸಾಲಾಗಿ ಜೋಡಿಸಿದ್ದರು. ಧರಣಿಕೋರರ ಬಳಿ ಸಿಕ್ಕ ಆಯುಧಗಳು ಎಂದರು. ಹೊರದೇಶಗಳ ಹೇಳಿಕೆಯಲ್ಲಿ 'ಎರಡೂ ಕಡೆಯವರು' ಎನ್ನುವ ಮಾತು ಕಾಣಿಸಿಕೊಂಡದ್ದು ಅದಾದ ಮೇಲೆಯೇ.

ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಎಂದು ದಿನಾ ಏಳುತ್ತಿದ್ದೆ. ಆದರೆ ಯಾರಿಗೆ, ಯಾವ ಹೆಸರಿನಲ್ಲಿ? ಐವತ್ತು ದಿನ ಪಕ್ಕದಲ್ಲಿ ಮಲಗಿದವನ ತಾತನ ಹೆಸರು ನಾನು ಕೇಳಿರಲಿಲ್ಲ.

ಇಥಾರ್ ನಮ್ಮ ಓಣಿಯ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟವಳು, ಸಮಿತಿಯ ಕಾಗದಪತ್ರವೆಲ್ಲ ಅವಳ ಕೈಯಲ್ಲಿ. ನಾನು ಹೋದಾಗ ಕೆಮ್ಮಿನ ಔಷಧಿಯ ಬಾಟಲಿಗಳನ್ನು ಒರೆಸುತ್ತಿದ್ದಳು. ಮಾವನ ಫೋನು ಅವಳಿಗೂ ಬಂದಿತ್ತು.

"ಬಾರಪ್ಪ ಹುತಾತ್ಮ," ಎಂದಳು. "ನೀನು ಸತ್ತಿದ್ದೀಯ ಅಂತ ಎಷ್ಟು ಜನಕ್ಕೆ ಗೊತ್ತು?"

"ಬರ್ಮಿಂಗ್‌ಹ್ಯಾಮಿಗೆಲ್ಲ."

"ಬದುಕಿದ್ದೀಯ ಅಂತ?"

"ಬುರ್ರಿಗೆಲ್ಲ."

"ಬುರ್ರಿ ಬಾಯಿ ಬಿಡಲ್ಲ. ಗುರುವಾರ ತಂಡ ಬರ್ತಿದೆ. ಹೊರದೇಶದೋರು, ವಿಚಾರಣೆಗೆ. ಪಟ್ಟೀಲಿ ಮೂರೋ ನಾಲ್ಕೋ ಹೆಸರು ಹೆಕ್ಕಿ ಮನೆಯೋರನ್ನ ಕರೆದು ಕೇಳ್ತಾರಂತೆ. ನಿನ್ನ ಹೆಸರು ಹೆಕ್ಕದೆ ಇರಲಿ ಅಂತ ಬೇಡ್ಕೋ. ಅಲ್ಲೀವರೆಗೂ ಮೂರು ದಿನ ಸತ್ತೇ ಇರು."

"ಅಕ್ಕ, ಅದು ಬೇರೆಯವನು. ಇನ್ನೊಬ್ಬ ಮುಜಮ್ಮಿಲ್ ಬಕ್ರಿ."

"ಅವನ ಮಿಕ್ಕ ಹೆಸರೇನು?"

"ಗೊತ್ತಿಲ್ಲ."

"ಹಾಗಾದ್ರೆ ಏನು ತಿದ್ದಲಿ? ನಿನ್ನ ಹೆಸರು ಹೊಡೆದುಹಾಕಿದ್ರೆ ಹತ್ತಾಗುತ್ತೆ. ಟಿವೀಲಿ ಆ ಸೇನೆಯ ವಕ್ತಾರ ಏನಂದ? ಒಂದೇ ಒಂದು ಹೆಸರು ಸುಳ್ಳಾಗಲಿ, ಎಲ್ಲಾ ಸುಳ್ಳು ಅಂತೀನಿ ಅಂದ. ನೀನು ಬೀದೀಲಿ ಐಸ್‌ಕ್ರೀಮ್ ತಿನ್ತಾ ನಿಂತ್ರೆ ಊರಿನ ಹೆಣ ಎಲ್ಲಾ ಎದ್ದುಹೋದ ಹಾಗೆ."

"ಅವರು ಬಂದು ಏನು ಮಾಡ್ತಾರೆ?"

"ಮೊದಲ ವಾರ ಕಳವಳ ಅಂದ್ರು. ಎರಡನೇ ವಾರ ಗಾಢ ಕಳವಳ. ತೀವ್ರ ಖಂಡನೆಗೆ ಇನ್ನೆಷ್ಟು ಹೆಣ ಬೇಕೋ, ಗುರುವಾರ ಕೇಳಿ ಹೇಳ್ತೀನಿ." ಬಾಟಲಿಯನ್ನು ಕಪಾಟಿನಲ್ಲಿಟ್ಟಳು. "ಮುಜಮ್ಮಿಲ್, ನಮ್ಮ ಹತ್ರ ಇರೋದು ಈ ಕಾಗದ ಒಂದೇ. ಬೇರೇನೂ ಇಲ್ಲ. ಹೋಗು, ಮನೇಲಿರು."

ಮನೆಯಲ್ಲಿದ್ದೆ. ಅಂಗಳದಲ್ಲಿ ಗೋಡೆಯಿಂದ ಗೋಡೆಗೆ ಹದಿನಾಲ್ಕು ಹೆಜ್ಜೆ. ಕರೆಂಟು ಇರಲಿಲ್ಲ, ಬಿಸಿಲು ಮಂಚದ ಕಾಲಿನವರೆಗೂ ಬರುತ್ತಿತ್ತು. ಕೂತರೆ ಎದ್ದೇಳಬೇಕು, ಎದ್ದರೆ ಎಲ್ಲಿಗೆ ಎಂದು ಗೊತ್ತಿಲ್ಲ. ಅಮ್ಮ ಎರಡು ಸಲ ಪೊರಕೆಯಿಂದ ನನ್ನ ಕಾಲಿಗೆ ಹೊಡೆದಳು. "ಸತ್ತೋರು ಇಷ್ಟು ಓಡಾಡಲ್ಲ," ಎಂದಳು.

ಮರುದಿನ ಬೆಳಿಗ್ಗೆ ಯಾರೋ ನಾಣ್ಯದಿಂದ ಗೇಟು ಬಡಿದರು. ತೆಗೆದೆ. ಸೀರೆಯಂಥ ಮಾಸಿದ ತೋಬ್ ಸುತ್ತಿಕೊಂಡ ಹೆಂಗಸು, ಐವತ್ತು ದಾಟಿರಬೇಕು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹಿಮ್ಮಡಿವರೆಗೂ ಧೂಳು.

"ಮುಜಮ್ಮಿಲ್ ಬಕ್ರಿ ಮನಿ ಇದ ಏನಪಾ?"

"ಹೌದು."

ಅವಳು ಚೀಲ ಕೆಳಗಿಟ್ಟು ಎರಡೂ ಅಂಗೈ ಎತ್ತಿದಳು. "ಅಲ್-ಫಾತಿಹಾ," ಎಂದಳು.

ಸತ್ತವರಿಗೆ ಪ್ರಾರ್ಥಿಸಲು ಎದುರಿಗಿರುವವರು ಕೈ ಎತ್ತಿದರೆ ನಾವೂ ಎತ್ತಬೇಕು. ಯಾರಿಗೆ ಎಂದು ಕೇಳುವುದು ಆಮೇಲೆ. ನಾನೂ ಎತ್ತಿದೆ. ನನ್ನದೇ ಆತ್ಮಕ್ಕೆ ಪ್ರಾರ್ಥನೆ ಓದಿ ಮುಖ ಸವರಿಕೊಂಡೆ.

"ಅವನ ತಾಯಿ ಅದಾಳೇನು? ಒಂದ ಮಾತ ಹೇಳಿ ಹೋಗ್ತೀನಿ. ನನ್ನ ಮಗನ ಹೆಸರೂ ಅದ ಐತಿ."

ಏನಾದರೂ ಹೇಳುವ ಮೊದಲೇ ಒಳಗಿನಿಂದ ಅಮ್ಮ ಕೂಗಿದಳು. "ಮುಜಮ್ಮಿಲ್, ಯಾರೋ ಅದು ಬಾಗಿಲಲ್ಲಿ?"

ಹೆಂಗಸು ನನ್ನ ಮುಖ ನೋಡಿದಳು. ಆಮೇಲೆ ನನ್ನ ಹೆಗಲಾಚೆ, ಇನ್ನೊಬ್ಬ ಹೊರಬರುತ್ತಾನೇನೋ ಎಂದು ಅಂಗಳದೊಳಗೆ ನೋಡಿದಳು. ಅವಳ ಕೈ ಇನ್ನೂ ಎದೆಯ ಮಟ್ಟದಲ್ಲೇ ಇತ್ತು.

"ಮುಜಮ್ಮಿಲ್ ಅಂದ್ರ ನೀನ ಏನು?" ಎಂದಳು.

"ನಾನೇ."

ಅಮ್ಮ ಅವಳನ್ನು ಒಳಗೆ ಕರೆದು ಮಂಚದ ಮೇಲೆ ಕೂರಿಸಿ ನೀರು ಕೊಟ್ಟಳು. ಹೆಸರು ಅವಾದಿಯಾ. ಉಮ್ ರುವಾಬಾದಿಂದ ಬಂದು ಆರು ದಿನ, ನದಿಯಾಚೆ ಯಾರೋ ನೆಂಟರ ಮನೆಯಲ್ಲಿ ಉಳಿದಿದ್ದಳು. ಐದು ಆಸ್ಪತ್ರೆ, ಎರಡು ಶವಾಗಾರ ಆಗಿತ್ತು. ಎರಡನೆಯ ಶವಾಗಾರದ ಹತ್ತಿರ ಯಾರೋ ಹುಡುಗಿ ಹೊರದೇಶದ ಪತ್ರಿಕೆಯಲ್ಲಿ ಬಂದ ಬುರ್ರಿಯ ಪಟ್ಟಿ ಇಟ್ಟುಕೊಂಡಿದ್ದಳಂತೆ.

"ಮುಜಮ್ಮಿಲ್ ಬಕ್ರಿ ಅಂತ ಓದಿದ್ಲು, ನನ್ನ ಕಾಲ ಹೋತು. ಮುಂದ ಓದವಾ ಅಂದೆ. ಸಿದ್ದಿಗ್ ಖಲೀಲ್ ಅಂದ್ಲು. ನಮ್ಮವಾ ಆದಮ್ ಹಾಮಿದ್. ಸತ್ತಾವ ಬ್ಯಾರೇದಾವ, ನನ್ನ ಮಗ ಅಲ್ಲ." ನೀರಿನ ಲೋಟವನ್ನು ತಿರುಗಿಸುತ್ತಿದ್ದಳು. "ಖುಷಿ ಆತು ನನಗ. ದೇವರಾಣಿ ಖುಷಿ ಆತು. ಆಮ್ಯಾಲೆ ನಾಚಿಕಿ ಆತು. ಒಬ್ಬಾಕಿ ತಾಯಿ ಅಳಾಕತ್ತಾಳ, ನಾ ಖುಷಿ ಪಡಾಕತ್ತೀನಿ ಅಂತ. ಅದಕ್ಕ ಹೋಗಿ ಕೈ ಎತ್ತಿ ಬರೂಣು ಅಂತ ಬಂದೆ. ನೀ ನೋಡಿದ್ರ ಬಾಗಿಲಾ ತಗದಿ."

ಅಮ್ಮ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಅವಾದಿಯಾ ಚೀಲದಿಂದ ಫೋಟೊ ತೆಗೆದಳು. ನೀಲಿ ಪರದೆಯ ಮುಂದೆ ಗಟ್ಟಿಯಾಗಿ ತುಟಿ ಮುಚ್ಚಿಕೊಂಡು ಕೂತ ಸಮಿ. "ನೀ ಅಲ್ಲಿ ಇದ್ದೇನು?"

"ಇದ್ದೆ."

"ಇವನ್ನ ನೋಡಿದೇನು?"

"ನೋಡಿದ ಹಾಗಿದೆ ದೊಡ್ಡಮ್ಮ. ಸಾವಿರಾರು ಜನ ಇದ್ರು."

"ಆ ಮುಂಜಾನಿ?"

"ಗೊತ್ತಿಲ್ಲ."

ಅವಳು ಫೋಟೊವನ್ನು ಚೀಲದಲ್ಲಿಟ್ಟು ಬಾಯಿ ಗಂಟು ಹಾಕಿದಳು. "ನಮ್ಮೂರಾಗ ಅಂತಾರ, ನಿನ್ನ ಮಗ ಲಿಬಿಯಾಕ್ಕ ಹೋದ, ನಿನ್ನ ಬಿಟ್ಟ ಅಂತ. ಸತ್ತಿದ್ರ ಅಳ್ತೀನಿ. ಇದ್ರ ಬೈತೀನಿ. ಎರಡೂ ಮಾಡಾಕ ಬರವಲ್ದು. ಬಾಯಾಗ ಬಟ್ಟಿ ತುರುಕಿದಂಗ ಆಗೇತಿ."

ನೆಂಟರ ಫೋನ್ ನಂಬರನ್ನು ಅಮ್ಮನ ಹತ್ತಿರ ಬರೆಸಿ ಹೋದಳು. ಗೇಟು ಹಾಕಿ ಬಂದಾಗ ಅಮ್ಮ ನಡು ಅಂಗಳದಲ್ಲಿ ನಿಂತಿದ್ದಳು.

"ಆ ಹುಡುಗ ನಿನಗೆ ಗೊತ್ತು."

"ಇಲ್ಲಮ್ಮ."

"ನೀನು ಸುಳ್ಳು ಹೇಳುವಾಗ ಮೂಗು ಮುಟ್ಕೋತೀಯ. ಆಯಮ್ಮನ ಮುಂದೆ ನಾಲ್ಕು ಸಲ ಮುಟ್ಕೊಂಡೆ. ಅವಳೂ ನೋಡಿದ್ಲು."

ಸಂಜೆ ಇಥಾರ್ ಅಂಗಡಿಯ ಬಾಗಿಲು ಅರ್ಧ ಎಳೆದಿದ್ದಳು. ಒಳಗೆ ನುಗ್ಗಿದೆ.

"ಪೂರ್ತಿ ಹೆಸರು ಸಿಕ್ತು. ಮುಜಮ್ಮಿಲ್ ಬಕ್ರಿ ಆದಮ್ ಹಾಮಿದ್. ತಿದ್ದು."

"ಯಾವ ಆಧಾರದ ಮೇಲೆ? ಹೆಣ ಇಲ್ಲ. ಆಸ್ಪತ್ರೆ ಚೀಟಿ ಇಲ್ಲ. ಹಾತಿಮ್‌ಗೆ ಯಾರು ಹೇಳಿದ್ರೋ ಅವರೂ ಸಿಕ್ಕಲ್ಲ. ಕಣ್ಣಾರೆ ಕಂಡೋರು ಬೇಕು."

"ನಾನು ಕಂಡಿದೀನಿ."

ಅವಳು ಕೈಯಲ್ಲಿದ್ದ ಬೀಗ ಮೇಜಿನ ಮೇಲಿಟ್ಟಳು. ಹೇಳಿದೆ, ಡಬ್ಬಿಯದು, ಬಗ್ಗಿದ್ದು, ಬಿದ್ದದ್ದು.

"ಹನ್ನೆರಡು ದಿನ ಬಾಯಿ ಮುಚ್ಕೊಂಡಿದ್ಯಾ?"

"ನೀನೇ ಅಂದೆಯಲ್ಲ ಸತ್ತೇ ಇರು ಅಂತ."

"ನಾನು ಅಂದಿದ್ದು ನಿನ್ನೆ. ಅದಕ್ಕೂ ಮುಂಚಿಂದು?"

ಮೇಜಿನ ಮೇಲಿನ ಬೀಗ ತಿರುಗಿಸುತ್ತ ನಿಂತೆ. ಅವಳು ಸ್ಟೂಲು ಎಳೆದು ಕೂತಳು.

"ಕೇಳಿಸ್ಕೋ. ಅವರ ಪದ್ಧತಿ ಹೀಗಿದೆ. ಸಾಕ್ಷಿ ಹೇಳಿದ್ರೆ ಪೂರ್ತಿ ಹೆಸರು, ವಿಳಾಸ, ಸಹಿ. ಅದರ ಒಂದು ಪ್ರತಿ ಸರ್ಕಾರಕ್ಕೂ ಕೊಡ್ತಾರೆ, ಎರಡೂ ಕಡೆಯೋರಿಗೆ ನ್ಯಾಯ ಅಂತ. ನೀನು ಸಹಿ ಹಾಕಿದ ದಿನದಿಂದ ಬುರ್ರೀಲಿ ಮಲಗೋ ಹಾಗಿಲ್ಲ. ನಿಮ್ಮಮ್ಮನೂ ಇಲ್ಲಿರೋ ಹಾಗಿಲ್ಲ."

"ಹಾಕದೆ ಇದ್ರೆ?"

"ಹಾಕದೆ ಇದ್ರೆ ನೀನು ಪಟ್ಟೀಲಿ ಇರ್ತೀಯ. ಅವನು ಎಲ್ಲೂ ಇರಲ್ಲ. ಪಟ್ಟಿ ಉಳಿಯುತ್ತೆ." ನನ್ನ ಮುಖ ನೋಡದೆ ಹೇಳಿದಳು. "ಸಮಿತಿಯವಳಾಗಿ ನಾನು ಹಾಕಬೇಡ ಅನ್ನಬೇಕು. ಅಂದೆ. ಇನ್ನು ಹೋಗು, ಬಾಗಿಲು ಹಾಕ್ಬೇಕು."

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. ದೊಡ್ಡ ಟ್ರಂಕು ಎಳೆದು ಬಟ್ಟೆ ಮಡಿಸತೊಡಗಿದಳು. ಓಮ್ದುರ್‌ಮಾನ್‌ನಲ್ಲಿರುವ ಅಕ್ಕನ ಮನೆಗೆ ಹೋಗುವ ವಿಚಾರ ಬಹಳ ದಿನದಿಂದ ಇತ್ತು ಎಂದಳು. ಇರಲಿಲ್ಲ. ಆಮೇಲೆ ಮೊಬೈಲು ತಂದು ನನ್ನ ಕೈಗಿಟ್ಟು ಅವಾದಿಯಾಳ ನಂಬರಿದ್ದ ಚೀಟಿ ತೋರಿಸಿದಳು.

ಗುರುವಾರ ಅವಾದಿಯಾಳನ್ನು ಸೇತುವೆ ಹತ್ತಿರ ಕೂಡಿಕೊಂಡೆ. ಹೊರಗಿನವರು ಬಂದಿದ್ದಾರೆ, ಕಾಣೆಯಾದವರ ಬಗ್ಗೆ ಬರೆದುಕೊಳ್ಳುತ್ತಾರೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಮಿನಿಬಸ್ಸಿನಲ್ಲಿ ಅವಳು ಕಿಟಕಿ ಕಡೆ ಕೂತಳು. ನಾಲ್ಕು ನಿಲ್ದಾಣ ದಾಟಿದವು.

"ನಿನಗ ಏನೋ ಗೊತ್ತೈತಿ," ಎಂದಳು.

ನನ್ನ ಕೈ ಮೇಲೆದ್ದಿತು.

"ಮೂಗ ಮುಟ್ಕೋಬ್ಯಾಡ."

"ಅಲ್ಲಿ ಹೇಳ್ತೀನಿ ದೊಡ್ಡಮ್ಮ. ಎರಡು ಸಲ ಹೇಳೋಕೆ ನನ್ನ ಕೈಲಾಗಲ್ಲ."

ಅವಳು ತೋಬ್‌ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಯಾವುದೋ ರಾಯಭಾರ ಕಚೇರಿಯ ಹಿಂದಿನ ಬಂಗಲೆ. ನೀರು ಹಾಯಿಸಿದ ಹುಲ್ಲು, ಜನರೇಟರ್ ಸದ್ದು. ಹೊರಗೆ ಬೇವಿನ ನೆರಳಲ್ಲಿ ಇಥಾರ್ ಮನೆಮನೆಯವರನ್ನು ಸಾಲಾಗಿ ಕೂರಿಸಿದ್ದಳು. ನನ್ನನ್ನು ಕಂಡು ಕಣ್ಣು ಮುಚ್ಚಿ ತೆರೆದಳು. ಹನ್ನೊಂದೂ ಹೆಸರಿನವರನ್ನು ಕರೆಯುತ್ತಾರಂತೆ, ಹೆಕ್ಕುವುದಿಲ್ಲವಂತೆ. ನಾವು ಏಳನೆಯವರಾಗಿ ಒಳಗೆ ಹೋದೆವು. ಕೋಣೆ ಎಷ್ಟು ತಣ್ಣಗಿತ್ತೆಂದರೆ ಮೈ ನಡುಗಿತು. ಮೇಜಿನ ಆಚೆ ಘಾನಾದ ಒಬ್ಬ ಹೆಂಗಸು, ಎಫುವಾ ಎಂದು ಹೆಸರು ಹೇಳಿಕೊಂಡಳು. ಪಕ್ಕದಲ್ಲಿ ನಮ್ಮವನೇ ಒಬ್ಬ ಟೈ ಕಟ್ಟಿದ ದುಭಾಷಿ.

ಎಫುವಾ ಪಟ್ಟಿ ನೋಡಿ ಓದಿದಳು. ಮುಜಮ್ಮಿಲ್, ಬಕ್ರಿ, ಸಿದ್ದಿಗ್, ಖಲೀಲ್. ಒಂದೊಂದೂ ಕಷ್ಟಪಟ್ಟು, ಜೋಪಾನವಾಗಿ. ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇನೆ ಎಂದಳು.

ದುಭಾಷಿ, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದ.

"ನಾನೇ ಇವನು."

ದುಭಾಷಿ ತರ್ಜುಮೆ ಮಾಡಲಿಲ್ಲ. "ಏನಂದ್ರಿ?"

"ಸಿದ್ದಿಗ್ ಖಲೀಲ್ ಮೊಮ್ಮಗ ಮುಜಮ್ಮಿಲ್ ನಾನು. ಸತ್ತಿಲ್ಲ. ಹೇಳಿ ಅವರಿಗೆ."

ಅವನು ಹೇಳಿದ. ಎಫುವಾ ನನ್ನ ಗುರುತಿನ ಚೀಟಿ ತೆಗೆದುಕೊಂಡು ನೋಡಿದಳು, ಪಟ್ಟಿಯ ಪಕ್ಕ ಇಟ್ಟು ಮತ್ತೆ ನೋಡಿದಳು. ಪೆನ್ನಿನ ಟೋಪಿ ತೆಗೆದಳು. "ಹಾಗಾದರೆ ಹತ್ತು," ಎಂದದ್ದು ತರ್ಜುಮೆಯಿಲ್ಲದೆ ನನಗೇ ಅರ್ಥವಾಯಿತು.

"ಇಲ್ಲ, ಹನ್ನೊಂದೇ," ಎಂದೆ. "ಸತ್ತವನು ಇವರ ಮಗ. ನಾನು ನೋಡಿದೆ."

ಪಕ್ಕದ ಕುರ್ಚಿಯ ಕಡೆ ತಿರುಗಲಿಲ್ಲ. ಮೇಜಿನ ಮೇಲಿನ ನೀರಿನ ಬಾಟಲಿ ನೋಡುತ್ತ ಹೇಳಿದೆ. ದುಭಾಷಿ ಒಂದೊಂದು ವಾಕ್ಯ ಹಿಂದೆ ಬರುತ್ತಿದ್ದ. ಹಾಗಾಗಿ ಸಮಿ ಹಿಂದೆ ತಿರುಗಿದ ಎಂದು ಎಫುವಾ ಕೇಳಿಸಿಕೊಳ್ಳುವಾಗ, ಅವನು ಬಿದ್ದ ಎನ್ನುವುದು ಅವಾದಿಯಾಳಿಗೆ ಆಗಲೇ ಗೊತ್ತಾಗಿತ್ತು. ಅವಳಿಂದ ಒಂದು ಸದ್ದೂ ಬರಲಿಲ್ಲ. ನಾನು ಓಡಿದೆ ಎನ್ನುವುದನ್ನೂ ಹೇಳಿದೆ. ಕಾಯಲಿಲ್ಲ, ಓಡಿದೆ. ದುಭಾಷಿ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದನೆಂದು ಕಾಣುತ್ತದೆ, ಎಫುವಾ ತಲೆಯಾಡಿಸಿದಳು.

ಡಬ್ಬಿಯ ಮಾತು ಬಂದಾಗ ಅವಳು ಬರೆಯುವುದನ್ನು ನಿಲ್ಲಿಸಿದಳು. ಕಡತದಿಂದ ಒಂದು ಬಣ್ಣದ ಫೋಟೊ ತೆಗೆದು ನನ್ನ ಮುಂದೆ ತಳ್ಳಿದಳು. ಟಿವಿಯಲ್ಲಿ ಬಂದದ್ದೇ.

"ಇದೇ," ಎಂದೆ. "ಈ ಕೆಂಪು ಹಿಡಿ ಕತ್ತರಿ ಒಬ್ಬ ದರ್ಜಿದು, ದಿನಾ ಸಂಜೆ ಬರ್ತಿದ್ದ. ಈ ಉದ್ದ ಚಾಕು ಕಲ್ಲಂಗಡಿ ಮಾರೋನದು. ಈ ಉಗುರು ತೆಗೆಯೋದು ನನ್ನದು. ಮೊದಲ ದಿನ ಅವನೇ ನನ್ನ ಜೇಬಿಂದ ತೆಗೆದಿದ್ದು. ಹೊರಗೆ ಹೋಗುವಾಗ ಕೊಡ್ತೀನಿ ಅಂದಿದ್ದ. ಆ ಬೆಳಿಗ್ಗೆವರೆಗೂ ನಾನು ಹೊರಗೆ ಹೋಗಲೇ ಇಲ್ಲ."

ಎಫುವಾ ಫೋಟೊದ ಹಿಂದೆ ಏನೋ ಬಹಳ ಹೊತ್ತು ಬರೆದಳು. ಆಮೇಲೆ ಬೇರೆ ನಮೂನೆ ತೆಗೆದಳು. ಹೆಸರಿಗೆ ನಾಲ್ಕು ಚೌಕ. ಅದೇ ಏಳನೆಯ ಸಂಖ್ಯೆಯಡಿ ಮೂರನೆಯ ಮತ್ತು ನಾಲ್ಕನೆಯ ಚೌಕವನ್ನು ತಿದ್ದಬಹುದು, ಕಂಡವರ ಸಹಿ ಇದ್ದರೆ ಸಾಕು ಎಂದಳು. ತಾಯಿ ಹೆಸರು ಹೇಳಲಿ.

ಅವಾದಿಯಾ ಬೆನ್ನು ನೆಟ್ಟಗೆ ಮಾಡಿದಳು. "ಮುಜಮ್ಮಿಲ್ ಬಕ್ರಿ ಆದಮ್ ಹಾಮಿದ್," ಎಂದಳು. ದುಭಾಷಿ ಬರೆಸಿದ. "ಜುಮಾ," ಎಂದಳು. "ತಿರಾಬ್. ಹಸಬು."

"ನಾಲ್ಕೇ ಸಾಕಮ್ಮ."

"ಎರಡ ಇದ್ದದ್ದಕ್ಕ ನನ್ನ ಮಗ ಈ ಹುಡುಗ ಆದ. ನಾಲ್ಕು ಇದ್ರ ನಾಳೆ ಇನ್ಯಾವನರ ಆಗ್ತಾನ. ಏಳೂ ಬರಕೋ ಅನ್ನು ಆಕಿಗೆ."

"ಜಾಗ ಇಲ್ಲಮ್ಮ, ನಾಲ್ಕೇ ಚೌಕ."

"ಬದಿಗೆ ಐತಲ್ಲ ಇಷ್ಟು ಬಿಳಿ ಕಾಗದ."

ದುಭಾಷಿ ಎಫುವಾಳಿಗೆ ಹೇಳಿದ. ಅವಳು ಅವಾದಿಯಾಳ ಮುಖ ನೋಡಿ, ಕಾಗದವನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಉಳಿದ ಮೂರನ್ನೂ ಬರೆದಳು. ಬರೆದದ್ದನ್ನು ಅವಾದಿಯಾ ಓದಿಸಿ ಕೇಳಿದಳು. ತಿರಾಬ್ ತಪ್ಪಿತ್ತು, ತಿದ್ದಿಸಿದಳು.

ನಮೂನೆ ನನ್ನ ಕಡೆ ಬಂತು. ದುಭಾಷಿ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ, "ತಮ್ಮಾ, ಇದರ ಒಂದು ಪ್ರತಿ ಅವರಿಗೂ ಹೋಗುತ್ತೆ."

"ಗೊತ್ತು."

ನಾಲ್ಕು ಹೆಸರಿನ ಸಹಿ ಹಾಕಿದೆ. ಏಳು ಹಾಕೋಣವೆಂದರೆ ನನಗೆ ಐದಕ್ಕಿಂತ ಹೆಚ್ಚು ಬಾರದು.

ಹೊರಗೆ ಇಥಾರ್ ಎದ್ದು ಬಂದಳು. "ಎಷ್ಟು?"

"ಹನ್ನೊಂದೇ."

"ಸರಿ. ನಿಮ್ಮ ಮಾವನಿಗೆ ಹೇಳ್ತೀನಿ, ಕೋಲಿಂದ ಫೋಟೊ ಬಿಚ್ಚಲಿ ಅಂತ." ಅವಾದಿಯಾಳ ಕೈ ಹಿಡಿದುಕೊಂಡಳು, ಏನೂ ಹೇಳಲಿಲ್ಲ. ಆಮೇಲೆ ನನಗೆ, "ಬುರ್ರಿ ಕಡೆ ಬರಬೇಡ. ಎಲ್ಲಿಗೆ ಹೋಗ್ತೀಯ?"

ಅಮ್ಮ ಹೋದ ಅಕ್ಕನ ಮನೆಗೆ ನಾನೂ ಹೋದರೆ ಅವರಿಗೂ ತೊಂದರೆ, ಬೇರೆ ಜಾಗ ಯೋಚಿಸಿರಲಿಲ್ಲ.

"ನನ್ನ ಕೂಡ ಬರ್ತಾನ," ಎಂದಳು ಅವಾದಿಯಾ. "ಊರಾಗ ಮಂದಿ ನಂಬಂಗಿಲ್ಲ. ಕಂಡಾವ ಬಂದು ಹೇಳಲಿ."

ಉಮ್ ರುವಾಬಾಕ್ಕೆ ಮಧ್ಯಾಹ್ನ ಎರಡರ ಬಸ್ಸು ಸಿಕ್ಕಿತು. ಊರು ದಾಟಿದ ಮೇಲೆ ಚಾಲಕ ರೇಡಿಯೊ ಹಚ್ಚಿದ. ಹೊರದೇಶಗಳ ಮಂಡಳಿಯೊಂದು ಹೇಳಿಕೆ ಕೊಟ್ಟಿತ್ತು. ತಂಡದ ವರದಿ ಇನ್ನೂ ಬಂದಿರಲಿಲ್ಲ, ಹೇಳಿಕೆ ಮೊದಲೇ ತಯಾರಾಗಿತ್ತು. ನೂರಕ್ಕೂ ಹೆಚ್ಚು ಜನರ ಸಾವಿನ ಬಗ್ಗೆ ಗಾಢ ಕಳವಳ, ಎರಡೂ ಕಡೆಯವರು ಸಂಯಮದಿಂದ ವರ್ತಿಸಬೇಕು.

"ಅವರ ಕಳವಳಕ್ಕೆ ನಾಲ್ಕು ಕೇಜಿ ಸಕ್ಕರೆ ಬರುತ್ತಾ ಕೇಳಿ," ಎಂದ ಹಿಂದಿನ ಸೀಟಿನವನು. ಕೆಲವರು ನಕ್ಕರು. "ಹಾಡು ಹಾಕಪ್ಪ" ಎಂದು ಇನ್ನೊಬ್ಬ ಕೂಗಿದ.

ಅವಾದಿಯಾ ನನ್ನ ತೋಳು ತಟ್ಟಿದಳು. "ನಮ್ಮ ಹುಡುಗನ ಹೆಸರ ಹೇಳಿದ್ರೇನು?"

"ಹೆಸರು ಹೇಳಲ್ಲ ದೊಡ್ಡಮ್ಮ. ಲೆಕ್ಕ ಹೇಳ್ತಾರೆ. ನೂರಕ್ಕೂ ಹೆಚ್ಚು ಅಂತ."

"ಅದರಾಗ ಇವಾ ಅದಾನಿಲ್ಲೋ?"

"ಇದಾನೆ."

"ಖರೇನ?"

"ಖರೆ." ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಅವಳು ಅದನ್ನೇ ನೋಡುತ್ತಿದ್ದಳು.

ಆಗ ಅವಳು ಕೂಗಿದಳು. ಬಾಯಿಗೆ ತುರುಕಿದ್ದ ಬಟ್ಟೆ ಕಿತ್ತು ಬಂದ ಹಾಗೆ ಒಂದೇ ಉದ್ದ ಕೂಗು. ಮಗನ ಹೆಸರು ಕೂಗಿದಳು, ಅವನಪ್ಪನದು, ತಾತನದು, ಒಂದೊಂದಾಗಿ ಹಸಬುವಿನವರೆಗೆ. ಚಾಲಕ ರೇಡಿಯೊ ಆರಿಸಿದ. ಸಕ್ಕರೆಯವನು ಸೀಟಿನಿಂದ ಅರ್ಧ ಎದ್ದು, "ಯಾರು ಹೋದ್ರು, ಹಾಜಾ ತಾಯಿ?" ಎಂದು ಕೇಳಿದ.

"ಮಗ," ಎಂದೆ. "ಧರಣೀಲಿ."

ಅವನು ಅಂಗೈ ಎತ್ತಿದ. ಪಕ್ಕದವನು ಎತ್ತಿದ. ಮೂಟೆ ಅಪ್ಪಿಕೊಂಡಿದ್ದ ಹೆಂಗಸು ಮೂಟೆಯನ್ನು ಕಾಲಡಿ ಇಳಿಸಿ ಎತ್ತಿದಳು. ಇಡೀ ಬಸ್ಸು ಎತ್ತಿತು. ಚಾಲಕ ಒಂದೇ ಕೈ ಎತ್ತಿದ, ಇನ್ನೊಂದು ಸ್ಟಿಯರಿಂಗ್ ಮೇಲಿತ್ತು.

ಪ್ರಾರ್ಥನೆ ಮುಗಿಯುವ ಮೊದಲೇ ಬಸ್ಸು ನಿಧಾನವಾಯಿತು. ಮುಂದೆ ರಸ್ತೆಗೆ ಅಡ್ಡವಾಗಿ ಡ್ರಮ್ಮುಗಳು, ಸೈನಿಕರ ಒಂದು ಪಿಕಪ್ ಗಾಡಿ. ಎಲ್ಲರೂ ಬೇಗ ಬೇಗ ಮುಖ ಸವರಿಕೊಂಡು ಗುರುತಿನ ಚೀಟಿ ಹುಡುಕತೊಡಗಿದರು. ನಾನೂ ನನ್ನದನ್ನು, ಬೆಳಿಗ್ಗೆ ಸಹಿ ಹಾಕಿದ ಅದೇ ನಾಲ್ಕು ಹೆಸರಿನದನ್ನು, ತೆಗೆದು ಕೈಯಲ್ಲಿ ಹಿಡಿದೆ. ಅವಾದಿಯಾ ಇನ್ನೂ ಅಳುತ್ತಿದ್ದಳು, ಸುಮ್ಮನಿರು ಎಂದು ಯಾರೂ ಹೇಳಲಿಲ್ಲ.